ಹೆಣ್ಣು ಗೋಸುಂಬೆಯ ಮೊಟ್ಟೆ ನಿಂತಾಗ

ಅಮೆರಿಕದಲ್ಲಿ ನೆಲೆಸಿ, ಮನೆಯಲ್ಲಿ ಸರೀಸೃಪಗಳನ್ನು ಸಾಕುತ್ತಿರುವ ಕೆಲವು ಕನ್ನಡ ಕುಟುಂಬಗಳ ಮುಂದೆ ಆಡಿದ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಎಕ್ಸ್-ರೇ ಚಿತ್ರಗಳನ್ನು ತೋರಿಸುತ್ತ ಹೇಳಿದ ಭಾಗವನ್ನು ಚಿತ್ರವಿಲ್ಲದೆಯೂ ತಿಳಿಯುವಂತೆ ಬದಲಿಸಿ, ಆಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನು ಸೇರಿಸಿದ್ದೇನೆ.

ಸಭಿಕರೆ,

ಒಂದು ದೂರವಾಣಿ ಕರೆಯಿಂದ ಆರಂಭಿಸುತ್ತೇನೆ. ಪರಿಚಯದ ಒಂದು ಮನೆಯವರು ಸಾಕಿದ್ದ ಗೋಸುಂಬೆ ಎರಡು ದಿನದಿಂದ ಹುಳು ಮುಟ್ಟಿರಲಿಲ್ಲ. ಕೊಂಬೆ ಬಿಟ್ಟು ಕೆಳಗಿಳಿದು ಗೂಡಿನ ನೆಲದಲ್ಲಿ ಅತ್ತಿಂದಿತ್ತ ಓಡಾಡುತ್ತ, ಮೂಲೆಯನ್ನು ಮುಂಗಾಲಿನಿಂದ ಕೆರೆಯುತ್ತಿತ್ತು. ವಯಸ್ಸು ಏಳು ತಿಂಗಳು, ಹೆಸರು ಭೀಮ. ಹಿಂಗಾಲಿನ ಹಿಮ್ಮಡಿಯಲ್ಲಿ ಕೋಳಿಹುಂಜಕ್ಕಿರುವಂತೆ ಚಿಕ್ಕದೊಂದು ಮುಳ್ಳು ಇದೆಯೇ ನೋಡಿ ಎಂದೆ. ಇಲ್ಲ ಎಂದರು. ಹಾಗಾದರೆ ಭೀಮ ಹೆಣ್ಣು, ಮೊಟ್ಟೆ ಇಡಲು ಜಾಗ ಹುಡುಕುತ್ತಿದ್ದಾಳೆ ಎಂದಾಗ ಆ ಕಡೆಯಿಂದ ಬಂದ ಉತ್ತರವನ್ನು ನಾನು ಈ ವೃತ್ತಿಯಲ್ಲಿ ಅದೆಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ: "ಅದು ಹೇಗೆ ಡಾಕ್ಟ್ರೇ, ಗಂಡಿನ ಮುಖವನ್ನೇ ನೋಡಿಲ್ಲವಲ್ಲ ಇದು?"

ಹುಂಜದ ನೆರಳೂ ಸೋಕದ ಫಾರಂ ಕೋಳಿ ದಿನಕ್ಕೊಂದು ಮೊಟ್ಟೆ ಇಟ್ಟರೆ ನಮಗೆ ಸೋಜಿಗವಾಗುವುದಿಲ್ಲ. ಗೋಸುಂಬೆಯ ವಿಷಯದಲ್ಲಿ ಮಾತ್ರ ಆ ತಿಳಿವಳಿಕೆ ನಮ್ಮ ನೆರವಿಗೆ ಬರುವುದಿಲ್ಲ. ಸಾಕುವವರ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ವೇಲ್ಡ್ ಕೆಮೀಲಿಯನ್ ಎಂಬ ಜಾತಿಯ ಹೆಣ್ಣು ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ, ಗಂಡು ಇರಲಿ ಇಲ್ಲದಿರಲಿ ಆಮೇಲೆ ಮೊಟ್ಟೆ ಕಟ್ಟತೊಡಗುತ್ತದೆ. ಫಲವಿಲ್ಲದ ಮೊಟ್ಟೆಯಾದರೂ ಅದನ್ನು ಕಟ್ಟುವ ಶ್ರಮ, ಹೊರುವ ಭಾರ, ಹೊರಹಾಕುವ ಕಷ್ಟ ಫಲವಿರುವ ಮೊಟ್ಟೆಯಷ್ಟೇ. ಆದ್ದರಿಂದ ಹೆಣ್ಣನ್ನು ಸಾಕುವವರು, ಮರಿ ಬೇಡವೆಂದು ನಿರ್ಧರಿಸಿದವರೂ ಸೇರಿ, ಮೊಟ್ಟೆಯ ವಿಷಯವನ್ನು ತಿಳಿದಿರಲೇಬೇಕು.

ಮುಂದೆ ಹೋಗುವ ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ. ಊಸರವಳ್ಳಿ, ಗೋಸುಂಬೆ ಎಂಬ ಹೆಸರುಗಳನ್ನು ನಮ್ಮಲ್ಲಿ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನಿಗೂ ಹಚ್ಚಿಬಿಡುವುದುಂಟು. ನಾನು ಹೇಳುತ್ತಿರುವುದು ಇಕ್ಕಳದಂತಹ ಪಾದ, ಒಂದೊಂದು ದಿಕ್ಕಿಗೆ ಒಂದೊಂದಾಗಿ ತಿರುಗುವ ಕಣ್ಣು, ಮೈಯಷ್ಟೇ ಉದ್ದಕ್ಕೆ ಚಿಮ್ಮುವ ನಾಲಗೆ ಇರುವ ನಿಜವಾದ ಗೋಸುಂಬೆಯನ್ನು ಕುರಿತು. ವೇಲ್ಡ್ ಜಾತಿಯ ತವರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ಅಂಗಡಿಗಳಲ್ಲಿ ಸಿಗುವ ಇನ್ನೊಂದು ಜಾತಿ ಪ್ಯಾಂಥರ್ ಮಡಗಾಸ್ಕರಿನದು. ನಮ್ಮ ಕರ್ನಾಟಕದ ಕುರುಚಲು ಕಾಡುಗಳಲ್ಲಿರುವ ಭಾರತೀಯ ಗೋಸುಂಬೆ ಬೇರೆಯೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದನ್ನು ಹಿಡಿದು ಸಾಕುವುದು ಅಪರಾಧ. ಅದರ ಹೆಣ್ಣು ಕೂಡ ಮೊಟ್ಟೆ ಇಡಲು ಮರದಿಂದಿಳಿದು ನೆಲ ಬಗೆಯುತ್ತದೆ. ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಹಾಗೆ ಬಗೆಯುತ್ತಿರುವುದು ಕಂಡರೆ ಅದಕ್ಕೆ ಏನೋ ಕಾಯಿಲೆಯೆಂದು ಎತ್ತಿ ತರಬೇಡಿ, ದೂರ ನಿಲ್ಲಿ. ವಿದೇಶಿ ಜಾತಿಗಳನ್ನು ಭಾರತದಲ್ಲಿ ಸಾಕುವವರು ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಪ್ರಾಣಿಯನ್ನು ನೋಂದಾಯಿಸಿರಬೇಕು. ನಿಮ್ಮ ಸೋದರಮಾವನ ಮಗ ಬೆಂಗಳೂರಿನಲ್ಲಿ ಒಂದನ್ನು ಸಾಕಿಕೊಂಡಿದ್ದರೆ ಈ ಮಾತು ಅವನ ಕಿವಿಗೂ ಬೀಳಲಿ.

ಈಗ ಮೊಟ್ಟೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡೋಣ. ಹೆಣ್ಣು ಗೋಸುಂಬೆಯ ಹೊಟ್ಟೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಅಂಡಾಶಯ, ಅವುಗಳ ಬಳಿ ಒಂದೊಂದು ಅಂಡನಾಳ ಇವೆ. ಯಕೃತ್ತಿನಲ್ಲಿ ತಯಾರಾದ ಕೊಬ್ಬು, ಪ್ರೋಟೀನುಗಳು ರಕ್ತದ ಮೂಲಕ ಅಂಡಾಶಯವನ್ನು ಸೇರಿ, ಸಾಸಿವೆಯಷ್ಟಿದ್ದ ಅಂಡಕೋಶಗಳು ಕಡಲೆಕಾಳಿನಷ್ಟು ದಪ್ಪದ ಹಳದಿ ಗುಂಡುಗಳಾಗುತ್ತವೆ. ಸಮಯ ಬಂದಾಗ ಅವು ಕಳಚಿ ಅಂಡನಾಳಕ್ಕೆ ಜಾರುತ್ತವೆ, ಅಲ್ಲಿ ಚರ್ಮದಂತಹ ಮೆತ್ತನೆಯ ಚಿಪ್ಪು ಸುತ್ತಿಕೊಳ್ಳುತ್ತದೆ, ಆಮೇಲೆ ಹೊರಬೀಳುತ್ತವೆ. ಈ ದಾರಿಯಲ್ಲಿ ತೊಡಕು ಎರಡು ಕಡೆ ಆಗಬಹುದು. ಹಳದಿ ಗುಂಡುಗಳು ಅಂಡಾಶಯದಿಂದ ಕಳಚದೆ ಅಲ್ಲೇ ಉಳಿದುಬಿಡುವುದು ಒಂದು; ಚಿಪ್ಪು ಕಟ್ಟಿದ ಮೊಟ್ಟೆ ಅಂಡನಾಳದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಜನ ಎರಡನ್ನೂ ಸೇರಿಸಿ ಮೊಟ್ಟೆ ಕಟ್ಟಿಕೊಂಡಿದೆ ಎನ್ನುತ್ತಾರೆ. ಚಿಕಿತ್ಸೆ ಮಾತ್ರ ಎರಡಕ್ಕೂ ಬೇರೆ. ಮೊದಲನೆಯ ತೊಡಕಿರುವ ಪ್ರಾಣಿಗೆ ಎಷ್ಟು ಒಳ್ಳೆಯ ಮಣ್ಣು ಕೊಟ್ಟರೂ ಅದು ಇಡಲಾರದು, ಏಕೆಂದರೆ ಇಡಲು ಮೊಟ್ಟೆಯೇ ಆಗಿರುವುದಿಲ್ಲ. ಹಾಗೆ ಉಳಿದ ಗುಂಡು ಒಡೆದು ಹಳದಿ ರಸ ಹೊಟ್ಟೆಯೊಳಗೆ ಸೋರಿದರೆ ಉಂಟಾಗುವ ಉರಿಯೂತ ಬಹಳ ಸಲ ಪ್ರಾಣವನ್ನೇ ತೆಗೆಯುತ್ತದೆ.

ಇವೆರಡೂ ಮೊಟ್ಟೆ ಇಡುವ ದಿನ ಹುಟ್ಟುವ ಕಾಯಿಲೆಗಳಲ್ಲ, ಅದಕ್ಕೆ ತಿಂಗಳುಗಳ ಹಿಂದೆ ಹುಳು ಹಾಕುವ ಬಟ್ಟಲಿನಲ್ಲಿ ಹುಟ್ಟುವಂಥವು ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು. ಯೆಮೆನ್ನಿನ ಗೋಸುಂಬೆಗೆ ಮಳೆ ಬಿದ್ದು ಹುಳು ಹೆಚ್ಚುವ ಕಾಲ, ಒಣಗಿ ಹಸಿವಿನಲ್ಲಿ ಕಳೆಯುವ ಕಾಲ ಎಂದು ಎರಡಿವೆ. ಅದರ ಮೈಯಲ್ಲಿ ಮೊಟ್ಟೆಯ ಸಂಖ್ಯೆಯನ್ನು ನಿರ್ಧರಿಸುವುದು ಆ ಏರಿಳಿತ. ನಮ್ಮ ಮನೆಯ ಗೂಡಿನಲ್ಲಿ ವರ್ಷವಿಡೀ ಸುಗ್ಗಿ. ಬಟ್ಟಲು ಬರಿದಾಗುವುದಿಲ್ಲ, ದೀಪದ ಬಿಸಿ ತಗ್ಗುವುದಿಲ್ಲ. ಇಂಥ ಸಮೃದ್ಧಿಯನ್ನು ಮೈ ಮೊಟ್ಟೆಯಾಗಿ ಬದಲಿಸುತ್ತದೆ, ಇಪ್ಪತ್ತು ಇಡಬೇಕಾದಲ್ಲಿ ಐವತ್ತು, ಅರವತ್ತು, ಕೆಲವೊಮ್ಮೆ ಎಂಬತ್ತನ್ನೂ ದಾಟಿ ಕಟ್ಟುತ್ತದೆ. ಇಟ್ಟು ಮುಗಿಸಿದ ಮೂರು ನಾಲ್ಕು ತಿಂಗಳಿಗೆ ಮತ್ತೊಂದು ಸರದಿ ಬರುತ್ತದೆ. ಐದು ವರ್ಷ ಬಾಳಬಹುದಾದ ಹೆಣ್ಣು ಹೀಗೆ ಎರಡು ಮೂರು ವರ್ಷಕ್ಕೇ ಬಸವಳಿದು ಸಾಯುವುದನ್ನು ನೋಡಿದ್ದೇನೆ. ಪ್ರೀತಿಯಿಂದ ಉಣಿಸಿದವರಿಗೆ ಇದನ್ನು ಹೇಳುವುದು ಸುಲಭವಲ್ಲ. ಅತಿಥಿಗೆ ಮೂರನೇ ಸಲ ಬಡಿಸದಿದ್ದರೆ ಸಮಾಧಾನವಾಗದ ನಮ್ಮ ಜನಕ್ಕಂತೂ ಇನ್ನೂ ಕಷ್ಟ.

ಹಾಗಾದರೆ ಎಷ್ಟು ಕೊಡಬೇಕು? ಬೆಳೆಯುವ ಮರಿಗೆ ಹೊಟ್ಟೆ ತುಂಬ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಳವಣಿಗೆ ಮುಗಿಯುತ್ತ ಬಂದ ಹೆಣ್ಣಿಗೆ, ಅಂದರೆ ಆರೇಳು ತಿಂಗಳಿನಿಂದಾಚೆಗೆ, ಮೆಲ್ಲಮೆಲ್ಲನೆ ಇಳಿಸುತ್ತ ಬಂದು, ದಿನ ಬಿಟ್ಟು ದಿನ ಮೂರು ನಾಲ್ಕು ಹುಳುಗಳಿಗೆ ನಿಲ್ಲಿಸಬೇಕು. ಬಿಸಿಲು ಕಾಯುವ ಕೊಂಬೆಯ ಬಳಿ 30 ಡಿಗ್ರಿ ಸೆಲ್ಸಿಯಸ್ ದಾಟಿಸುವ ಬದಲು 27ರ ಆಸುಪಾಸಿನಲ್ಲಿ ಇಟ್ಟರೆ ಹಸಿವೂ ತಗ್ಗುತ್ತದೆ, ಮೊಟ್ಟೆಯ ಸಂಖ್ಯೆಯೂ ತಗ್ಗುತ್ತದೆ. ಕೆಲವು ಹೆಣ್ಣುಗಳು ಒಂದೊಂದು ಸರದಿಯನ್ನು ಇಡದೆಯೇ ದಾಟಿಸುವುದೂ ಉಂಟು. ಆದರೆ ಹೊಟ್ಟೆಯಲ್ಲಿ ಆಗಲೇ ಮೊಟ್ಟೆ ಬಲಿತಿರುವ ಪ್ರಾಣಿಯ ಆಹಾರವನ್ನು ಥಟ್ಟನೆ ಕತ್ತರಿಸಬಾರದು, ಬಿಸಿಯನ್ನೂ ಇಳಿಸಬಾರದು. ತಣ್ಣಗಾದ ಸರೀಸೃಪದ ಸ್ನಾಯು ಕೆಲಸ ಮಾಡುವುದಿಲ್ಲ, ಮೊಟ್ಟೆ ಹೊರಬರಬೇಕಾದರೆ ಸ್ನಾಯು ಕುಗ್ಗಲೇಬೇಕು.

ಸ್ನಾಯುವಿನ ಮಾತು ಬಂದಾಗ ಕ್ಯಾಲ್ಸಿಯಂ ವಿಷಯಕ್ಕೆ ಬರಲೇಬೇಕು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುವ ಕಾಲಕ್ಕೆ ನಾನು ನೋಡಿದ ಹಾಲುಜ್ವರದ ಹಸುಗಳು ನೆನಪಾಗುತ್ತವೆ. ಕರು ಹಾಕಿದ ಮಾರನೆಯ ದಿನ ಹಸು ಕುಸಿದು ಮಲಗುತ್ತದೆ, ಕತ್ತನ್ನು ಪಕ್ಕೆಗೆ ತಿರುವಿ ಇಡುತ್ತದೆ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ, ಹೆಸರಿನಲ್ಲಷ್ಟೇ ಜ್ವರ. ಹಾಲಿಗೆಂದು ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಬಸಿದುಹೋಗಿ ಸ್ನಾಯುಗಳು ಸೋತಿರುತ್ತವೆ. ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಇಳಿಸಿದರೆ, ಸೂಜಿ ತೆಗೆದು ಕೈ ತೊಳೆಯುವಷ್ಟರಲ್ಲಿ ಎಷ್ಟೋ ಹಸುಗಳು ಎದ್ದು ನಿಲ್ಲುತ್ತವೆ. ಊರಿನ ರೈತರಿಗೆಲ್ಲ ಗೊತ್ತಿರುವ ಈ ಸಂಗತಿಯನ್ನು ಅಂಗೈಯಗಲದ ಪ್ರಾಣಿಗೆ ಇಳಿಸಿ ನೋಡಿ: ಗೋಸುಂಬೆಯ ಕ್ಯಾಲ್ಸಿಯಂ ಹತ್ತಾರು ಮೊಟ್ಟೆಗಳ ಚಿಪ್ಪಿಗೆ ಖರ್ಚಾಗುತ್ತದೆ, ಅವೇ ಮೊಟ್ಟೆಗಳನ್ನು ತಳ್ಳಲು ಅಂಡನಾಳದ ಸ್ನಾಯುವಿಗೂ ಅದೇ ಬೇಕು. ಅದು ಸಾಲದಾದಾಗ ಕೊಂಬೆ ಹಿಡಿಯುವ ಪಾದದ ಹಿಡಿತ ಸಡಿಲವಾಗುತ್ತದೆ, ಕಾಲು ನಡುಗುತ್ತದೆ, ಚಿಮ್ಮಿದ ನಾಲಗೆ ಪೂರ್ತಿ ಒಳಗೆ ಹೋಗುವುದಿಲ್ಲ. ಮರಿಯಾಗಿದ್ದಾಗಿನಿಂದ ಕೊರತೆಯಿದ್ದರೆ ಸೊಂಟದ ಎಲುಬೇ ಸೊಟ್ಟಗಾಗಿ ಮೊಟ್ಟೆಯ ದಾರಿ ಕಿರಿದಾಗಿರುತ್ತದೆ.

ಅಂಗಡಿಯಲ್ಲಿ ಕ್ರಿಕೆಟ್ ಎಂದು ಮಾರುವ ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಆದ್ದರಿಂದ ಹುಳುಗಳಿಗೆ ಮೊದಲು ಸೊಪ್ಪು ತಿನ್ನಿಸಬೇಕು, ಗೂಡಿಗೆ ಬಿಡುವಾಗ ರಂಜಕವಿಲ್ಲದ ಬರಿಯ ಕ್ಯಾಲ್ಸಿಯಂ ಪುಡಿಯನ್ನು ಸವರಬೇಕು. ಡಿ3 ಮತ್ತು ಇತರ ಜೀವಸತ್ವಗಳಿರುವ ಪುಡಿಗೆ ತಿಂಗಳಿಗೆ ಎರಡು ಸಲ ಸಾಕು. ಡಿ3 ಮಿತಿಮೀರಿದರೆ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ಅದು ಇನ್ನೊಂದು ಅನಾಹುತ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಚರ್ಮದಲ್ಲಿ ಡಿ3 ತಯಾರಾಗಬೇಕು, ಅದಕ್ಕೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಬೆಳಗುತ್ತಿರುವ ಯುವಿಬಿ ದೀಪ ಕೂಡ ವರ್ಷದೊಳಗೆ ಕಿರಣ ಸೂಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಕೊಂಡ ತಾರೀಖನ್ನು ದೀಪದ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ನೀರಿನ ಬಗ್ಗೆ ಒಂದೇ ಮಾತು: ಬಟ್ಟಲಿನ ನೀರನ್ನು ಗೋಸುಂಬೆ ನೀರೆಂದು ಗುರುತಿಸುವುದು ಅಪರೂಪ, ಎಲೆಯಿಂದ ತೊಟ್ಟಿಕ್ಕುವುದನ್ನು ನೆಕ್ಕುತ್ತದೆ, ಮೈಯಲ್ಲಿ ನೀರಿಲ್ಲದ ಹೆಣ್ಣಿಗೆ ಮೊಟ್ಟೆ ಜಾರುವುದಿಲ್ಲ.

ಇಷ್ಟೆಲ್ಲ ಸರಿಯಾಗಿದ್ದೂ ಮಣ್ಣಿಲ್ಲದ ಕಾರಣಕ್ಕೇ ಮೊಟ್ಟೆ ಕಟ್ಟಿಕೊಂಡು ಬರುವ ಪ್ರಾಣಿಗಳು ನನ್ನ ಮೇಜಿನ ಮೇಲೆ ಬಹಳ. ಜಾಲರಿಯ ಗೂಡು, ಪ್ಲಾಸ್ಟಿಕ್ ತಳ, ನಾಲ್ಕು ಬಳ್ಳಿ. ಪಾಪ, ಅದು ಎಲ್ಲಿ ಇಡಬೇಕು? ಗೋಸುಂಬೆ ಕಂಡಲ್ಲಿ ಮೊಟ್ಟೆ ಉದುರಿಸುವ ಜೀವವಲ್ಲ. ಸುರಂಗ ತೋಡಿ, ಒಳಗೆ ತಿರುಗಿ ಕುಳಿತು ಇಟ್ಟು, ಮಣ್ಣು ಮುಚ್ಚಿ ತುಳಿದು ಗಟ್ಟಿ ಮಾಡಿ, ಗುರುತು ಸಿಗದಂತೆ ಮೇಲೆ ಕಸಕಡ್ಡಿ ಎಳೆದು ಹೊರಡುವ ಜೀವ. ಆ ಜಾಗ ಸಿಗದಿದ್ದರೆ ತಡೆದುಕೊಳ್ಳುತ್ತದೆ, ತಡೆದಷ್ಟೂ ತೊಡಕು ಬಲಿಯುತ್ತದೆ.

ಅದಕ್ಕೆ ಬೇಕಾದದ್ದು ಒಂದು ಡಬ್ಬಿ. ಅಗಲ, ಉದ್ದ 30 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಅದರೊಳಗಿನ ಮಣ್ಣು ಕೂಡ 30 ಸೆಂಟಿಮೀಟರು ಆಳವಿರಬೇಕು. ಅಂಗೈ ಆಳದ ತಟ್ಟೆಯಲ್ಲಿ ಮರಳು ಹರಡಿ ಕೊಟ್ಟವರೇ ಹೆಚ್ಚು. ತಳ ಉಗುರಿಗೆ ತಾಗಿದೊಡನೆ ಪ್ರಾಣಿ ಆ ಜಾಗ ಬಿಟ್ಟು ಇನ್ನೊಂದು ಕಡೆ ಬಗೆಯತೊಡಗುತ್ತದೆ. ತೊಳೆದ ಮರಳಿಗೆ ಗೊಬ್ಬರ, ಔಷಧ ಬೆರೆಸದ ಮಣ್ಣು ಸೇರಿಸಿ ನೀರು ಚಿಮುಕಿಸಿ ಕಲಸಬೇಕು. ಹದ ತಿಳಿಯುವುದು ಕೈಗೆ: ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಆಮೇಲೆ ಡಬ್ಬಿಯ ನಡುವೆ ತೋರುಬೆರಳನ್ನು ಬುಡದವರೆಗೆ ಚುಚ್ಚಿ ಎಳೆದುಕೊಳ್ಳಿ. ತೂತು ಹಾಗೆಯೇ ನಿಂತರೆ ಸುರಂಗವೂ ನಿಲ್ಲುತ್ತದೆ, ಕುಸಿದರೆ ಇನ್ನೊಂದಿಷ್ಟು ನೀರು ಬೇಕು. ಒಣ ಮರಳಿನ ಸುರಂಗ ಪ್ರಾಣಿಯ ಮೇಲೆಯೇ ಕುಸಿಯಬಹುದು. ಹೆಣ್ಣಿಗೆ ಐದು ತಿಂಗಳಾಗುವ ಹೊತ್ತಿಗೆ ಈ ಡಬ್ಬಿ ಗೂಡಿನಲ್ಲಿ ಕಾಯಂ ಇರಬೇಕು.

ಮಣ್ಣಿನಷ್ಟೇ ಮುಖ್ಯವಾದುದು ಮರೆ. ತೋಡುವಾಗ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಅರಿವಾದರೆ ಎಷ್ಟೋ ಹೆಣ್ಣುಗಳು ಕೆಲಸ ಅರ್ಧಕ್ಕೆ ಬಿಟ್ಟು ಮೇಲೇರುತ್ತವೆ. ಗೂಡಿಗೆ ಬಟ್ಟೆ ಮುಚ್ಚಿ, ನೋಡಲೇಬೇಕಾದರೆ ಬೆರಳಗಲದ ಸಂದು ಬಿಟ್ಟುಕೊಳ್ಳಿ. ಮೊಬೈಲು ಹಿಡಿದು ಮಕ್ಕಳು, ಅಜ್ಜಿ, ಪಕ್ಕದ ಮನೆಯವರು ಸುತ್ತ ನಿಂತ ಮನೆಗಳನ್ನು ನಾನು ಬಲ್ಲೆ. ಹೆರಿಗೆ ಕೋಣೆಯ ಬಾಗಿಲಿನಲ್ಲಿ ಹಾಗೆ ನಿಲ್ಲುತ್ತೀರಾ?

ಇನ್ನು ಗುರುತುಗಳು. ಮೊಟ್ಟೆ ಬಲಿತ ವೇಲ್ಡ್ ಹೆಣ್ಣಿನ ಮೈ ಕಡುಹಸಿರು, ಕೆರಳಿದರೆ ಹೆಚ್ಚುಕಡಿಮೆ ಕಪ್ಪು. ಅದರ ಮೇಲೆ ಹಳದಿ, ನೀಲಿ ಚುಕ್ಕೆಗಳು ಎದ್ದು ಕಾಣುತ್ತವೆ. ಗಂಡಿನ ಜೊತೆ ಕೂಡಿದ್ದರೆ ಮೂರರಿಂದ ನಾಲ್ಕು ವಾರದಲ್ಲಿ ಇಡುತ್ತದೆ. ಪಕ್ಕೆಗಳು ಉಬ್ಬಿ, ಹೊಟ್ಟೆಯ ಕೆಳಭಾಗ ನೆನೆಸಿದ ಅವರೆಕಾಳು ತುಂಬಿದ ಬಟ್ಟೆಯ ಚೀಲದಂತೆ ಗಂಟುಗಂಟಾಗಿ ಕಾಣುತ್ತದೆ. ಕೊನೆಯ ದಿನಗಳಲ್ಲಿ ತಿನ್ನುವುದು ತಗ್ಗಿ, ನೀರು ಕುಡಿಯುವುದು ಹೆಚ್ಚಾಗಿ, ನೆಲಕ್ಕಿಳಿದು ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ ಬಿಡುತ್ತದೆ. ಒಂದೆರಡು ದಿನ ಹೀಗೆ ಪರೀಕ್ಷೆಗೆಂದು ತೋಡಿದರೆ ಗಾಬರಿ ಬೇಡ. ಸುರಂಗದೊಳಗೆ ಇಡೀ ರಾತ್ರಿ ಕಳೆದರೂ ಬೇಡ.

ಗಾಬರಿಯಾಗಬೇಕಾದದ್ದು ಕಣ್ಣನ್ನು ನೋಡಿ. ಹಗಲು ಹೊತ್ತಿನಲ್ಲಿ ಗೋಸುಂಬೆ ಕಣ್ಣು ಮುಚ್ಚಿ ಕುಳಿತಿದೆ ಎಂದರೆ ಅದು ನಿದ್ದೆಯಲ್ಲ, ಕಾಯಿಲೆ. ಆರೋಗ್ಯವಾಗಿರುವ ಹೆಣ್ಣು ಊಟ ಬಿಟ್ಟಿದ್ದರೂ ಕಣ್ಣಿನ ಗೋಪುರಗಳನ್ನು ಸುತ್ತ ತಿರುಗಿಸುತ್ತಿರುತ್ತದೆ, ಕೈ ಒಡ್ಡಿದರೆ ಬಾಯಿ ತೆರೆದು ಹೆದರಿಸುತ್ತದೆ. ಅದೇ ಪ್ರಾಣಿ ಕಣ್ಣು ಮುಚ್ಚಿ, ಗೂಡಿನ ತಳದಲ್ಲಿ ಚಪ್ಪಟೆಯಾಗಿ ಮಲಗಿ, ಎತ್ತಿದರೂ ಎದುರಾಡದಿದ್ದರೆ, ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ, ತಿಣುಕಿದರೂ ಏನೂ ಬರದಿದ್ದರೆ, ಒಂದೆರಡು ಮೊಟ್ಟೆ ಅಲ್ಲಿ ಇಲ್ಲಿ ಉದುರಿಸಿ ನಿಂತುಬಿಟ್ಟಿದ್ದರೆ, ಮಲ ಮೂತ್ರ ಮೊಟ್ಟೆಗಳಿಗೆಲ್ಲ ಒಂದೇ ಆಗಿರುವ ದ್ವಾರದಿಂದ ಕೆಂಪನೆಯ ಮಾಂಸ ಹೊರಬಂದಿದ್ದರೆ, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಹೊರಬಂದ ಮಾಂಸ ಒಣಗದಂತೆ ಶುದ್ಧ ಸಲೈನಿನಲ್ಲಿ ನೆನೆಸಿದ ಹತ್ತಿಬಟ್ಟೆಯನ್ನು ಇಟ್ಟುಕೊಂಡೇ ಹೊರಡಿ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಗೆ ಹೊಸದಾಗಿ ಬಂದ ಕಾಲದಲ್ಲಿ, ಮಣ್ಣಿನ ಡಬ್ಬಿ ಇಟ್ಟಿದ್ದೇವೆ, ತೋಡುತ್ತಿದೆ, ಆದರೆ ಇಡುತ್ತಿಲ್ಲ ಎಂದು ಒಬ್ಬರು ದೂರವಾಣಿಯಲ್ಲಿ ಕೇಳಿದರು. ಮೂರು ದಿನ ಕಾದು ನೋಡಿ ಎಂದೆ. ಮಧ್ಯಾಹ್ನ ಕಣ್ಣು ಮುಚ್ಚಿಕೊಂಡಿರುತ್ತದೆ ಎಂದು ಅವರು ಮಾತಿನ ನಡುವೆ ಹೇಳಿದ್ದರು. ನಾನು ಆ ಮಾತನ್ನು ಹಿಡಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪ್ರಾಣಿ ಸತ್ತಿತ್ತು. ಹೊಟ್ಟೆ ತೆರೆದು ನೋಡಿದಾಗ ಒಡೆದ ಗುಂಡುಗಳ ಹಳದಿ ರಸ ಕರುಳಿಗೆಲ್ಲ ಅಂಟಿಕೊಂಡಿತ್ತು, ಅಂಡನಾಳದಲ್ಲಿ ಒಂದೂ ಮೊಟ್ಟೆ ಇರಲಿಲ್ಲ. ಅಂದಿನಿಂದ ದಿನ ಎಷ್ಟಾಯಿತು ಎಂದು ಕೇಳುವ ಮೊದಲು ಕಣ್ಣು ಹೇಗಿದೆ ಎಂದು ಕೇಳುತ್ತೇನೆ.

ನೀವು ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಳ್ಳೆಯ ಉಪಕರಣವೆಂದರೆ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ವಾರಕ್ಕೊಮ್ಮೆ ಅದರ ಮೇಲೊಂದು ಕಡ್ಡಿ ಇಟ್ಟು, ಸೊನ್ನೆಗೆ ತಂದು, ಪ್ರಾಣಿಯನ್ನು ಕಡ್ಡಿ ಹಿಡಿಯುವಂತೆ ಬಿಟ್ಟು, ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ಏರುತ್ತ ಬಂದ ತೂಕ ನಿಂತು, ಊಟ ಬಿಟ್ಟು, ತೋಡಲಾರಂಭಿಸಿದರೆ ಅದು ಸಹಜವಾದ ಕ್ರಮ. ತೋಡುವ ಲಕ್ಷಣವೇ ಇಲ್ಲದೆ ಊಟ ಬಿಟ್ಟು ಹೊಟ್ಟೆ ಮಾತ್ರ ಉಬ್ಬಿಕೊಂಡೇ ವಾರಗಳು ಕಳೆದರೆ ಹಳದಿ ಗುಂಡುಗಳು ಅಂಡಾಶಯದಲ್ಲಿಯೇ ನಿಂತಿರುವ ಸಂಶಯ ಪಡಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂಬುದು ತಿಳಿದಿದ್ದರೆ ನಿಮಗೆ ನಿರ್ಧಾರ ಸುಲಭ. ಎಕ್ಸ್-ರೇಯಲ್ಲಿ ಚಿಪ್ಪು ಕಟ್ಟಿದ ಮೊಟ್ಟೆಗಳು ತೆಳುವಾದ ಅಂಚಿನ ಅಂಡಾಕಾರಗಳಾಗಿ ಕಾಣುತ್ತವೆ, ಎಣಿಸಲೂ ಬಹುದು. ಚಿಪ್ಪಿಲ್ಲದ ಗುಂಡುಗಳು ಮೋಡದ ಮುದ್ದೆಯಂತೆ ಕಾಣುವುದರಿಂದ ಅವಕ್ಕೆ ಅಲ್ಟ್ರಾಸೌಂಡ್ ಒಳ್ಳೆಯದು. ರಕ್ತ ಪರೀಕ್ಷೆಯಲ್ಲಿ ಒಂದು ಮೋಸವಿದೆ: ಮೊಟ್ಟೆ ಕಟ್ಟುವ ಹೆಣ್ಣಿನ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡ ಕ್ಯಾಲ್ಸಿಯಂ ಸೇರಿ ಒಟ್ಟು ಮಟ್ಟ ಹೆಚ್ಚೆಂದು ತೋರುತ್ತದೆ, ಸ್ನಾಯುವಿಗೆ ಒದಗುವ ಅಯಾನು ರೂಪದ ಕ್ಯಾಲ್ಸಿಯಂ ಕಡಿಮೆಯೇ ಇರಬಹುದು. ಮೊಟ್ಟೆ ದಾರಿಗೆ ಅಡ್ಡವಾಗಿ ಸಿಕ್ಕಿಲ್ಲವೆಂದು ಖಚಿತವಾದರೆ ಮೊದಲು ದ್ರವ, ಬಿಸಿ, ಕ್ಯಾಲ್ಸಿಯಂ ಕೊಡುತ್ತೇವೆ; ಆಮೇಲೆ ಅಂಡನಾಳದ ಸ್ನಾಯುವನ್ನು ಕುಗ್ಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು. ಊರಿನಲ್ಲಿ ಹಾಲು ಇಳಿಸಲು ಕೆಲವರು ಕದ್ದು ಚುಚ್ಚುವ ಮದ್ದು ಇದೇ. ಆಮೆಗಳಿಗೆ ಹೊಂದುವಷ್ಟು ಇದು ಓತಿಕ್ಯಾತ, ಗೋಸುಂಬೆಗಳ ವರ್ಗಕ್ಕೆ ಹೊಂದುವುದಿಲ್ಲ, ಆದ್ದರಿಂದ ಒಂದೆರಡು ಪ್ರಯತ್ನಕ್ಕೆ ಜಗ್ಗದಿದ್ದರೆ ಹಟ ಹಿಡಿಯಬಾರದು. ಸೊಂಟ ಸೊಟ್ಟಗಿದ್ದಾಗ, ಮೊಟ್ಟೆ ಅತಿ ದೊಡ್ಡದಾಗಿ ಅಡ್ಡ ಬಿದ್ದಿದ್ದಾಗ ಈ ಮದ್ದು ಅಂಡನಾಳವನ್ನೇ ಹರಿದುಬಿಡುತ್ತದೆ.

ಉಳಿದದ್ದು ಶಸ್ತ್ರಚಿಕಿತ್ಸೆ. ಅರಿವಳಿಕೆ ಕೊಟ್ಟು, ಹೊಟ್ಟೆಯ ನಟ್ಟನಡುವೆ ಹರಿಯುವ ದೊಡ್ಡ ರಕ್ತನಾಳವನ್ನು ತಪ್ಪಿಸಿ ಪಕ್ಕದಲ್ಲಿ ಸೀಳಿ, ಮೊಟ್ಟೆಗಳ ಜೊತೆಗೆ ಅಂಡಾಶಯ, ಅಂಡನಾಳಗಳನ್ನೂ ತೆಗೆಯುವುದು ರೂಢಿ. ಗುಂಡುಗಳು ಅಂಡಾಶಯದಲ್ಲಿ ನಿಂತ ಪ್ರಕರಣಕ್ಕೆ ಇದೇ ಪರಿಹಾರ. ಹೊಲಿಗೆಯನ್ನು ಆರರಿಂದ ಎಂಟು ವಾರ ಬಿಚ್ಚುವಂತಿಲ್ಲ, ಸರೀಸೃಪದ ಚರ್ಮ ಅಷ್ಟು ನಿಧಾನವಾಗಿ ಕೂಡುತ್ತದೆ. ಇನ್ನೂ ಎದುರಾಡುವ ಶಕ್ತಿಯಿದ್ದಾಗ ತಂದ ಪ್ರಾಣಿ ಬದುಕುವ ಸಾಧ್ಯತೆ ಚೆನ್ನಾಗಿದೆ. ಕುಸಿದ ಮೇಲೆ ತಂದದ್ದಕ್ಕೆ ಅರಿವಳಿಕೆಯೇ ಅಪಾಯ. ಮುಂಜಾಗ್ರತೆಗೆಂದು ಆರೋಗ್ಯವಾಗಿರುವ ಹೆಣ್ಣಿಗೂ ಮೊದಲೇ ಮಾಡಿಸಬಹುದೇ ಎಂದು ಸಭೆಯಲ್ಲಿ ಒಬ್ಬರು ತಾಯಿ ಕೇಳಿದರು. ಮಾಡುವವರಿದ್ದಾರೆ, ನಾನು ಎಲ್ಲರಿಗೂ ಹೇಳುವುದಿಲ್ಲ. ಆಹಾರದಲ್ಲಿ ಹತೋಟಿ ತರಬಹುದಾದದ್ದಕ್ಕೆ ಕತ್ತರಿ ಎತ್ತಲು ನನಗೆ ಮನಸ್ಸಾಗುವುದಿಲ್ಲ.

ಮನೆಯಲ್ಲಿ ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು ಹೊಟ್ಟೆ ಅದುಮುವುದು. ಮೊಟ್ಟೆ ಒಳಗೇ ಒಡೆಯುತ್ತದೆ. ಸಲೀಸಾಗಿ ಜಾರಲಿ ಎಂದು ಹರಳೆಣ್ಣೆ ಕುಡಿಸಿಕೊಂಡು ಬಂದವರೂ ಇದ್ದಾರೆ. ಎಣ್ಣೆ ಹೋಗುವುದು ಕರುಳಿಗೆ, ಮೊಟ್ಟೆ ಇರುವುದು ಅಂಡನಾಳದಲ್ಲಿ, ಎರಡಕ್ಕೂ ಸಂಬಂಧವಿಲ್ಲ. ಮೇಲಾಗಿ ಗೋಸುಂಬೆಯ ಶ್ವಾಸನಾಳದ ಬಾಯಿ ನಾಲಗೆಯ ಬಳಿ ಮುಂದಕ್ಕೇ ಇರುವುದರಿಂದ ಬಲವಂತವಾಗಿ ಸುರಿದದ್ದು ಪುಪ್ಪುಸಕ್ಕೆ ಇಳಿಯುತ್ತದೆ. ಆಡಿನಂತೆ, ಕೋಳಿಯಂತೆ ಹಿಡಿದು ಕುಡಿಸುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು.

ಬೇರೆ ಜಾತಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ಯಾಂಥರ್ ಹೆಣ್ಣಿನ ಮೊಟ್ಟೆಗಳು ಕಡಿಮೆ, ಮೊಟ್ಟೆ ಬಲಿತಾಗ ಮೈ ಕಂದು ಕಪ್ಪಿಗೆ ತಿರುಗಿ ಕೇಸರಿ ಗುಲಾಬಿ ಪಟ್ಟೆಗಳು ಮೂಡುತ್ತವೆ. ಮಿಕ್ಕದ್ದೆಲ್ಲ ಇದೇ ರೀತಿ. ಪೂರ್ವ ಆಫ್ರಿಕದ ಜ್ಯಾಕ್ಸನ್ ಜಾತಿ ಮರಿಯನ್ನೇ ಹಾಕುತ್ತದೆ, ಅದಕ್ಕೆ ಮಣ್ಣಿನ ಡಬ್ಬಿ ಬೇಡ, ಆದರೆ ಸತ್ತ ಮರಿಗಳು ಒಳಗೆ ಉಳಿಯುವ ಅಪಾಯವಿದೆ. ಇನ್ನೊಂದು ಸಂಗತಿ: ವೇಲ್ಡ್ ಮತ್ತು ಪ್ಯಾಂಥರ್ ಹೆಣ್ಣುಗಳು ಗಂಡಿನ ವೀರ್ಯವನ್ನು ಮೈಯಲ್ಲಿ ಕಾದಿಟ್ಟುಕೊಳ್ಳಬಲ್ಲವು, ಒಮ್ಮೆ ಕೂಡಿದ ಹೆಣ್ಣಿನ ಮುಂದಿನ ಸರದಿಯ ಮೊಟ್ಟೆಯಲ್ಲೂ ಮರಿಯಾಗಬಹುದು.

ಇಟ್ಟು ಮುಗಿಸಿದ ಹೆಣ್ಣು ಸೊರಗಿ, ಮೈಯೆಲ್ಲ ಮಣ್ಣಾಗಿ, ಬಾಯಾರಿ ಮೇಲೇರುತ್ತದೆ. ಆಗ ತುಂತುರು ನೀರನ್ನು ಬಹಳ ಹೊತ್ತು ಬಿಡಿ, ಎರಡು ಮೂರು ದಿನ ಕ್ಯಾಲ್ಸಿಯಂ ಸವರಿದ ಹುಳುಗಳನ್ನು ಧಾರಾಳವಾಗಿ ಕೊಡಿ, ಆಮೇಲೆ ಹಳೆಯ ಅಳತೆಗೆ ಮರಳಿ. ಹೊಟ್ಟೆಯಲ್ಲಿ ಇನ್ನೂ ಗಂಟು ಸಿಗುತ್ತಿದ್ದರೆ ಒಂದು ಎಕ್ಸ್-ರೇ ತೆಗೆಸಿ.

ಭೀಮನ ಮನೆಯವರು ಅಂದು ಸಂಜೆಯೇ ಕಸದ ಬುಟ್ಟಿಯೊಂದನ್ನು ತೊಳೆದು ಒದ್ದೆ ಮರಳು ತುಂಬಿ ಗೂಡಿನಲ್ಲಿಟ್ಟು, ಹಳೆಯ ಪಂಚೆ ಮುಚ್ಚಿದರು. ಕಣ್ಣು ಚುರುಕಾಗಿತ್ತು, ಹಿಡಿತ ಗಟ್ಟಿಯಾಗಿತ್ತು, ಆದ್ದರಿಂದ ಒಂದು ದಿನ ಕಾಯಲು ನಾನು ಒಪ್ಪಿದೆ. ರಾತ್ರಿಯೆಲ್ಲ ಬುಟ್ಟಿಯೊಳಗೆ ಬಾಲದ ತುದಿ ಮಾತ್ರ ಕಾಣುತ್ತಿತ್ತಂತೆ. ಮರುದಿನ ಮಧ್ಯಾಹ್ನ ಮಣ್ಣು ಮುಚ್ಚಿ ಮೇಲೆ ಬಂತು. ಬಗೆದು ಎಣಿಸಿದಾಗ 38 ಮೊಟ್ಟೆ, ತೂಕ 118 ಗ್ರಾಮಿನಿಂದ 79ಕ್ಕೆ ಇಳಿದಿತ್ತು. ಅಂದರೆ ಮೈಭಾರದ ಮೂರನೆಯ ಒಂದು ಪಾಲು ಮೊಟ್ಟೆಯೇ ಆಗಿತ್ತು. ಅಂದಿನಿಂದ ಮನೆಯ ಹುಡುಗ ಹುಳುಗಳನ್ನು ಎಣಿಸಿ ಹಾಕುತ್ತಿದ್ದಾನೆ, ದೀಪವನ್ನು ಒಂದು ಗೇಣು ಮೇಲಕ್ಕೆತ್ತಿ ಕಟ್ಟಿದ್ದಾನೆ. ನಾಲ್ಕೂವರೆ ತಿಂಗಳಿಗೆ ಬಂದ ಮುಂದಿನ ಸರದಿಯಲ್ಲಿ ಮೊಟ್ಟೆ 17. ತೂಕ 101ರಿಂದ 83ಕ್ಕೆ ಇಳಿದು, ಮೂರನೆಯ ದಿನಕ್ಕೆ ಮತ್ತೆ ಕೈ ಒಡ್ಡಿದವರ ಮೇಲೆ ಬಾಯಿ ತೆರೆಯುತ್ತಿತ್ತು.